ತರಬೇತಿ ಶಿಬಿರದ ಬೈಗುಳ

2001ರಲ್ಲಿ ಅಮೆರಿಕದ ಎಚ್‌ಬಿಒ ಪ್ರಸಾರ ಮಾಡಿದ 'ಬ್ಯಾಂಡ್ ಆಫ್ ಬ್ರದರ್ಸ್' ಧಾರಾವಾಹಿಯ ಮೊದಲ ಕಂತಿನ ಒಂದು ಭಾಗ ನಡೆಯುವುದು ಎರಡನೇ ಮಹಾಯುದ್ಧದ ಕಾಲದ ಟೊಕೋವಾ ತರಬೇತಿ ಶಿಬಿರದಲ್ಲಿ. ಕ್ಯಾಪ್ಟನ್ ಸೋಬೆಲ್ ಸಣ್ಣ ತಪ್ಪಿಗೂ ರಜೆ ಕಸಿಯುತ್ತಾನೆ. ಹೊಟ್ಟೆ ತುಂಬ ಸ್ಪಗೆಟಿ ತಿನ್ನಿಸಿ, ಮರುಕ್ಷಣವೇ ಕರಾಹೀ ಗುಡ್ಡ ಹತ್ತಿಸುವ ದೃಶ್ಯವಂತೂ ನೋಡುವವರ ಹೊಟ್ಟೆಯನ್ನೂ ತೊಳಸುತ್ತದೆ. ನಕಾಶೆ ಓದಲೂ ಬಾರದ ಇಂಥ ಅಧಿಕಾರಿಯನ್ನು ಸೈನಿಕರು ದ್ವೇಷಿಸಿದ್ದು ಸಹಜ.

ನಮ್ಮನ್ನು ತಡೆದು ನಿಲ್ಲಿಸಿದ್ದು ಹಡಗಿನಲ್ಲಿ ಬರುವ ಪುಟ್ಟ ದೃಶ್ಯ. ಸೋಬೆಲ್‌ನನ್ನು ಬೈಯುತ್ತ ಬೈಯುತ್ತ ಗಾರ್ನಿಯರ್ ಎಂಬ ಸೈನಿಕ ಅವನು ಯಹೂದಿ ಎಂಬುದನ್ನೇ ಬೈಗುಳವಾಗಿಸುತ್ತಾನೆ. ತಾನೂ ಯಹೂದಿಯೆಂದು ಲೀಬ್‌ಗಾಟ್ ಎದುರು ನಿಲ್ಲುತ್ತಾನೆ. ಹೊಡೆದಾಟವಾಗುತ್ತದೆ, ಕಥೆ ಮುಂದಕ್ಕೆ ಹೋಗುತ್ತದೆ.

ಒಬ್ಬನ ಕೆಟ್ಟತನಕ್ಕೆ ಅವನ ಸಮುದಾಯದ ಹೆಸರು ಹಚ್ಚುವುದು ನಮಗೇನೂ ಹೊಸದಲ್ಲ. ಅದಕ್ಕೇ ಒಂಬತ್ತನೇ ಕಂತು ನಮ್ಮನ್ನು ಇನ್ನಷ್ಟು ಕಾಡಿತು. ಇದೇ ತುಕಡಿಯವರು ಜರ್ಮನಿಯಲ್ಲಿ ನಾಝಿಗಳ ಯಾತನಾ ಶಿಬಿರವನ್ನು ಕಾಣುತ್ತಾರೆ. ಕಂತಿನ ಹೆಸರೇ 'ನಾವೇಕೆ ಹೋರಾಡುತ್ತೇವೆ'. ಹಡಗಿನ ಆ ಮಾತು ಅಲ್ಲಿ ಯಾರಿಗೂ ನೆನಪಾಗುವುದಿಲ್ಲ. ಗಾರ್ನಿಯರ್ ಅಷ್ಟರಲ್ಲಿ ಕಾಲು ಕಳೆದುಕೊಂಡು ಯುದ್ಧದಿಂದಲೇ ಹೊರಗಾಗಿದ್ದಾನೆ, ನಿಜ. ಕೇಳಿಸಿಕೊಂಡವರು ಇದ್ದರಲ್ಲ? ದುಭಾಷಿಯಾಗಿ ನಿಂತ ಲೀಬ್‌ಗಾಟ್ ಮಾತ್ರ, ಮೇಲಿನವರ ಆಜ್ಞೆಯಂತೆ, ಹಸಿದ ಕೈದಿಗಳಿಗೆ ಇನ್ನೂ ಒಳಗೇ ಇರಬೇಕೆಂದು ಹೇಳಿ, ಕುಸಿದು ಕೂತು ಅಳುತ್ತಾನೆ.