ಶರಣಧರ್ಮದ ಮೇಲೆ ಇಸ್ಲಾಮಿನ ಪ್ರಭಾವ: ಒಂದು ವಾದದ ಪರಿಶೀಲನೆ

ಭಾರತೀಯ ಸಂಸ್ಕೃತಿಯ ಮೇಲೆ ಇಸ್ಲಾಂ ಬೀರಿದ ಪ್ರಭಾವವನ್ನು ಕುರಿತು ಬರೆದ ವಿದ್ವಾಂಸರಲ್ಲಿ ಡಾ. ತಾರಾಚಂದರ ಹೆಸರು ಅಗ್ರಗಣ್ಯವಾದುದು. 1922ರಲ್ಲಿ ಸಂಶೋಧನ ಪ್ರಬಂಧವಾಗಿ ರಚಿತವಾಗಿ 1936ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಕೃತಿಯು ಇಂದಿಗೂ ವಿದ್ಯಾರ್ಥಿಗಳ ಕೈಯಲ್ಲಿದೆ. ಆ ಗ್ರಂಥದಲ್ಲಿ ದಕ್ಷಿಣದೇಶದ ಧರ್ಮಸುಧಾರಕರನ್ನು ವಿವೇಚಿಸುವ ಭಾಗವೊಂದುಂಟು. ಶಂಕರ, ರಾಮಾನುಜರ ನಂತರ ಅಲ್ಲಿ ವೀರಶೈವರ ಪ್ರಸ್ತಾಪ ಬರುತ್ತದೆ. ಏಕದೇವೋಪಾಸನೆ, ಜಾತಿನಿರಾಕರಣೆ, ಶವವನ್ನು ದಹಿಸದೆ ಹೂಳುವ ಪದ್ಧತಿ, ವಿಧವಾವಿವಾಹಕ್ಕೆ ಸಮ್ಮತಿ, ಯಜ್ಞ ವ್ರತ ತೀರ್ಥಗಳಲ್ಲಿ ಅನಾದರ ಇವೆಲ್ಲವೂ ಹಿಂದೂ ಸಮಾಜಕ್ಕೆ ಹೊಸತಾದುವೆಂದೂ, ಪಶ್ಚಿಮ ಕರಾವಳಿಯಲ್ಲಿ ನೆಲಸಿದ್ದ ಮುಸಲ್ಮಾನರ ಸಂಪರ್ಕದಿಂದ ಬಂದುವೆಂದು ಭಾವಿಸಲು ಆಸ್ಪದವಿದೆಯೆಂದೂ ಅವರ ವಾದದ ಸಾರ.

ಈ ವಾದವನ್ನು ನಮ್ಮವರು ಎರಡು ರೀತಿಯಲ್ಲಿ ಸ್ವೀಕರಿಸಿದ್ದಾರೆ. ಕೆಲವರಿಗೆ ಇದು ಪ್ರಿಯವಾಯಿತು. ಬಸವಣ್ಣನವರನ್ನು ಸಮನ್ವಯದ ಪುರುಷರೆಂದು ಕೊಂಡಾಡುವುದಕ್ಕೆ ಒಂದು ಆಧಾರ ದೊರೆತಂತಾಯಿತು. ಮತ್ತೆ ಕೆಲವರು ಇದನ್ನು ಅಪಮಾನವೆಂದೇ ಬಗೆದು, ಕನ್ನಡ ನಾಡಿನಲ್ಲಿ ಇಸ್ಲಾಮಿನ ಸೋಂಕು ಯಾವ ಕಾಲದಲ್ಲಿಯೂ ಧರ್ಮಜೀವನವನ್ನು ತಟ್ಟಲಿಲ್ಲವೆಂದು ಸಾಧಿಸಹೊರಟರು. ಇಬ್ಬರೂ ವಚನಗಳನ್ನು ಬದಿಗಿರಿಸಿಯೇ ಮಾತನಾಡಿದ್ದಾರೆಂಬುದು ನನ್ನ ಅಭಿಪ್ರಾಯ.

ಮೊದಲು ತಾರಾಚಂದರಿಗೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸೋಣ. ಅವರು ಪ್ರಬಂಧ ಬರೆದದ್ದು 1922ರಲ್ಲಿ. ಪೂಜ್ಯ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬೆಳಕು ಕಂಡದ್ದು 1923ರಲ್ಲಿ. ಕನ್ನಡಿಗರಿಗೇ ವಚನಗಳು ಓಲೆಗರಿಗಳ ಕಟ್ಟಿನಲ್ಲಿ ಅವಿತಿದ್ದ ಕಾಲವದು. ಕನ್ನಡ ಬಾರದ ಉತ್ತರದೇಶದ ವಿದ್ವಾಂಸರೊಬ್ಬರು ಇಂಗ್ಲಿಷಿನಲ್ಲಿ ದೊರೆಯುತ್ತಿದ್ದ ಗ್ರಂಥಗಳನ್ನೇ ಅವಲಂಬಿಸಬೇಕಾಗಿದ್ದಿತು. ಆದರೆ ವಚನಸಂಪುಟಗಳೆಲ್ಲ ಅಚ್ಚಾಗಿ ಕೈಗೆ ಸಿಗುತ್ತಿರುವ ಇಂದು ಅದೇ ವಾದವನ್ನು ಪರಿಶೀಲಿಸದೆ ಪುನರುಚ್ಚರಿಸುವವರಿಗೆ ಆ ರಿಯಾಯಿತಿ ಸಲ್ಲದು.

ತಾರಾಚಂದರನ್ನು ವಿರೋಧಿಸುವವರು ಸಾಮಾನ್ಯವಾಗಿ ಕಾಲಗಣನೆಯನ್ನು ಮುಂದಿಡುತ್ತಾರೆ. ಬಿಜ್ಜಳನ ಆಳ್ವಿಕೆ ಮುಗಿದದ್ದು 1167ರ ಸುಮಾರಿಗೆ. ಅಲಾವುದ್ದೀನ್ ಖಿಲ್ಜಿ ದೇವಗಿರಿಯ ಮೇಲೆ ಬಂದದ್ದು 1296ರಲ್ಲಿ. ಕಲಬುರ್ಗಿಯಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದದ್ದು 1347ರಲ್ಲಿ. ಹೀಗಿರುವಾಗ ಕಲ್ಯಾಣದ ಶರಣರಿಗೆ ಇಸ್ಲಾಮಿನ ಪರಿಚಯವೆಲ್ಲಿಯದು ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆ ಮೇಲ್ನೋಟಕ್ಕೆ ಸಮಂಜಸವಾಗಿ ಕಂಡರೂ ನಿಲ್ಲುವಂಥದಲ್ಲ. ದಂಡು ಬರುವ ಮೊದಲೇ ವರ್ತಕರು ಬಂದಿದ್ದರು. ರಾಷ್ಟ್ರಕೂಟ ಚಕ್ರವರ್ತಿಗಳನ್ನು ‘ಬಲ್ಹರಾ’ ಎಂದು ಕರೆದು, ಅರಬರ ವಿಷಯದಲ್ಲಿ ಅವರಿಗಿದ್ದ ವಿಶ್ವಾಸವನ್ನು ಹೊಗಳಿದ ಅರಬ್ಬಿ ಲೇಖಕರಿದ್ದಾರೆ. ಅದಕ್ಕಿಂತ ಬಲವಾದ ಆಧಾರ ಚಿಂಚಣಿಯ ತಾಮ್ರಪಟ. ಮಾನ್ಯಖೇಟದ ಮುಮ್ಮಡಿ ಇಂದ್ರನ ಕಾಲದ, 926ರ ಈ ಶಾಸನದಲ್ಲಿ ಸಂಯಾನ ಮಂಡಲವನ್ನು ಆಳುತ್ತಿದ್ದವನು ಮಧುಮತಿ ಎಂಬ ತಾಜಿಕ. ತಾಜಿಕನೆಂದರೆ ಅರಬ, ಮಧುಮತಿಯೆಂಬುದು ಮಹಮ್ಮದ್ ಎಂಬ ಹೆಸರಿಗೆ ಸಂಸ್ಕೃತದ ಉಡುಪು. ಈತ ಹೊಳೆ ದಾಟುವವರಿಗೆ ಧರ್ಮದೋಣಿಯನ್ನೂ ದಾರಿಹೋಕರಿಗೆ ಅನ್ನಸತ್ರವನ್ನೂ ಏರ್ಪಡಿಸಿದ್ದನಲ್ಲದೆ, ಅವನ ಆಡಳಿತದಲ್ಲಿ ದೇವಿಯ ಪೂಜೆಗೆ ಸಂಬಂಧಿಸಿದ ಮಠಿಕೆಯೊಂದಕ್ಕೆ ಭೂದಾನವೂ ನಡೆಯಿತು. ಬಸವಣ್ಣನವರಿಗಿಂತ ಎರಡು ಶತಮಾನಗಳಷ್ಟು ಹಿಂದೆ, ಕನ್ನಡದ ಅರಸೊತ್ತಿಗೆಯ ಅಧೀನದಲ್ಲಿ ಮುಸಲ್ಮಾನ ಮಂಡಲಾಧಿಪತಿಯೊಬ್ಬನಿದ್ದನೆಂದ ಮೇಲೆ ಪರಿಚಯವೇ ಇರಲಿಲ್ಲವೆನ್ನುವುದು ಹೇಗೆ?

ಸಂಪರ್ಕವಿದ್ದಿತು, ಆದರೆ ಸಂಪರ್ಕವೇ ಪ್ರಭಾವವಲ್ಲ. ಪ್ರಭಾವವೆನ್ನಬೇಕಾದರೆ ಕೊಟ್ಟ ವಸ್ತುವಿನ ಗುರುತು ಪಡೆದವನ ಮನೆಯಲ್ಲಿ ಕಾಣಬೇಕು. ತಾರಾಚಂದರು ಪಟ್ಟಿ ಮಾಡಿದ ಲಕ್ಷಣಗಳನ್ನು ಈ ದೃಷ್ಟಿಯಿಂದ ನೋಡೋಣ.

ಹೂಳುವ ಪದ್ಧತಿಯೇ ಅವುಗಳಲ್ಲಿ ಎದ್ದುಕಾಣುವಂಥದು. ಆದರೆ ಸಂನ್ಯಾಸಿಗಳನ್ನೂ ಯೋಗಿಗಳನ್ನೂ ದಹಿಸದೆ ಸಮಾಧಿ ಮಾಡುವುದು ಈ ದೇಶದ ಹಳೆಯ ಸಂಪ್ರದಾಯ. ಯತಿಗೆ ಮಾತ್ರ ಮೀಸಲಾಗಿದ್ದ ಆ ಗೌರವವನ್ನು ಲಿಂಗಧಾರಿಯಾದ ಪ್ರತಿಯೊಬ್ಬ ಭಕ್ತನಿಗೂ ಅನ್ವಯಿಸಿದರೆ ಉಂಟಾಗುವ ಪದ್ಧತಿ ನಮ್ಮದು. ಕ್ರಿಯೆಯನ್ನೇ ಗಮನಿಸಿ: ಮುಸಲ್ಮಾನರು ಶವವನ್ನು ಕಾಬಾದ ದಿಕ್ಕಿಗೆ ಮುಖಮಾಡಿ ಮಲಗಿಸುತ್ತಾರೆ, ನಮ್ಮಲ್ಲಿ ಕುಳ್ಳಿರಿಸಿ, ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ಪೂಜಾನಿರತನಂತೆ ನೆಲಕ್ಕೊಪ್ಪಿಸುತ್ತಾರೆ. ಮಣ್ಣೊಂದೇ ಸಮಾನ, ಭಾವ ಬೇರೆ. ವಿಧವಾವಿವಾಹದ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ‘ಉಡಿಕೆ’ಯ ಹೆಸರಿನಿಂದ ಅದು ದುಡಿಯುವ ಕುಲಗಳಲ್ಲಿ ಬಳಕೆಯಲ್ಲಿದ್ದುದನ್ನು ಹಳ್ಳಿಯವರೆಲ್ಲ ಬಲ್ಲರು, ಅದಕ್ಕೆ ಅರಬಸ್ತಾನದ ಅನುಮತಿ ಬೇಕಿರಲಿಲ್ಲ. ಶರಣರು ಪುನರ್ಜನ್ಮವನ್ನು ನಂಬುತ್ತಿರಲಿಲ್ಲವೆಂಬ ಮಾತೂ ಈ ಚರ್ಚೆಯಲ್ಲಿ ಕೇಳಿಬರುತ್ತದೆ. ಅಕ್ಕನ ವಚನಗಳನ್ನು ನಾಲ್ಕಾರು ಓದಿದವರಿಗೂ ಇದು ಪೊಳ್ಳೆಂದು ತಿಳಿಯುತ್ತದೆ. ಭವದ ಬಳಲಿಕೆಯೇ ಅಲ್ಲಿನ ಸ್ಥಾಯೀಭಾವ. ಭವವೇ ಇಲ್ಲದಿದ್ದರೆ ಭವಿ ಎಂಬ ಮಾತಿಗೆ ಅರ್ಥವೇನು?

ಇನ್ನು ಏಕದೇವೋಪಾಸನೆ. ವಾದದ ಜೀವಾಳ ಇಲ್ಲಿದೆ. ದೇವನೊಬ್ಬನೇ ಎಂಬ ನಿಷ್ಠೆ ಶರಣರಲ್ಲಿಯೂ ಇಸ್ಲಾಮಿನಲ್ಲಿಯೂ ತೀವ್ರವಾಗಿರುವುದು ನಿಜ. ಆದರೆ ಆ ಒಬ್ಬನನ್ನು ಪಡೆಯುವ ಬಗೆ ಯಾವುದು? ಇಸ್ಲಾಮಿನಲ್ಲಿ ದೇವನಿಗೆ ಯಾವ ಆಕಾರವನ್ನಾಗಲಿ ಕುರುಹನ್ನಾಗಲಿ ಕಲ್ಪಿಸುವುದು ಪರಮ ಅಪರಾಧ. ಶರಣಧರ್ಮದಲ್ಲಿ ಗುರು ಕರುಣಿಸಿದ ಕುರುಹನ್ನು ಅಂಗದ ಮೇಲೆ ಧರಿಸದವನು ಶರಣನೇ ಅಲ್ಲ. ಸ್ಥಾವರವನ್ನು ನಿರಾಕರಿಸಿದ ಬಸವಣ್ಣನವರು ಶೂನ್ಯವಾದ ಮಂದಿರದ ಕಡೆಗೆ ಹೋಗಲಿಲ್ಲ. ಲಿಂಗವನ್ನು ಗರ್ಭಗುಡಿಯಿಂದ ಕರಸ್ಥಲಕ್ಕೆ ತಂದರು. ಉಳ್ಳವರ ದೇವಾಲಯವನ್ನು ಕುರಿತ ಅವರ ಪ್ರಸಿದ್ಧ ವಚನದಲ್ಲಿ ದೇಗುಲದ ಒಂದೊಂದು ಅಂಗವೂ ದೇಹದ ಒಂದೊಂದು ಅಂಗವಾಗುವುದನ್ನು ಗಮನಿಸಬೇಕು. ದೇವಾಲಯವನ್ನು ಬಲ್ಲವನೇ, ಅದರ ಕಂಬ ಕಳಶಗಳನ್ನು ಪ್ರೀತಿಯಿಂದ ಕಂಡವನೇ ಅದನ್ನು ಹಾಗೆ ಮೀರಬಲ್ಲ. ವಿಗ್ರಹಭಂಜಕನ ಮನಸ್ಸಿನಲ್ಲಿ ಅಂತಹ ರೂಪಕ ಹುಟ್ಟುವುದಿಲ್ಲ. ಇದಕ್ಕೂ ಮಿಗಿಲಾಗಿ, ಷಟ್‌ಸ್ಥಲದ ಕೊನೆಯ ಮೆಟ್ಟಿಲು ಐಕ್ಯ. ದಾಸನು ಒಡೆಯನಲ್ಲಿ ಬೆರೆತು ಎರಡಳಿಯುವ ಈ ಸ್ಥಿತಿಯನ್ನು ಶಾಸ್ತ್ರನಿಷ್ಠ ಇಸ್ಲಾಂ ಒಪ್ಪದು. ಸೂಫಿಗಳು ಇದರ ಸಮೀಪಕ್ಕೆ ಬರುತ್ತಾರೆ, ದಿಟ. ಆದರೆ ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೂ ಸೂಫಿಗಳಿಗೂ ನಂಟಿದ್ದಿತೆಂಬುದಕ್ಕೆ ಶಾಸನಾಧಾರವನ್ನಾಗಲಿ ವಚನಾಧಾರವನ್ನಾಗಲಿ ತಾರಾಚಂದರು ಒದಗಿಸಿಲ್ಲ. ಖ್ವಾಜಾ ಬಂದೇನವಾಜರು ದಿಲ್ಲಿಯಿಂದ ಕಲಬುರ್ಗಿಗೆ ಬಂದದ್ದು 1400ರ ಆಸುಪಾಸಿನಲ್ಲಿ.

ಶರಣರು ತಮ್ಮ ಸಾಲವನ್ನು ಮುಚ್ಚಿಟ್ಟವರಲ್ಲ. ತಮಗಿಂತ ಹಿಂದಿನ ಅರವತ್ತುಮೂವರು ಪುರಾತನರನ್ನು ಅವರು ಹೆಸರುಗೊಂಡು ನೆನೆದಿದ್ದಾರೆ. ಬೇಡರ ಕಣ್ಣಪ್ಪನೂ ಹೊಲೆಯರ ನಂದನಾರನೆನಿಸಿದ ತಿರುನಾಳೈಪ್ಪೋವಾರನೂ ಕುಲದ ಕಟ್ಟನ್ನು ಭಕ್ತಿಯಿಂದ ಮುರಿದವರು. ಇನ್ನು ಕನ್ನಡ ನೆಲದಲ್ಲಿಯೇ ನೋಡುವುದಾದರೆ ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನ ಬಿಜ್ಜಳನ ಕಾಲದ್ದೇ. ನಾನಾ ದರ್ಶನಗಳ ವ್ಯಾಸಂಗಕ್ಕೆ ನೆಲೆಯಾಗಿದ್ದ ಆ ಕಾಳಾಮುಖ ಮಠದಲ್ಲಿ ದೀನರಿಗೆ, ಅನಾಥರಿಗೆ, ಕುಂಟರು ಕುರುಡರಿಗೆ, ನಾನಾ ದೇಶದ ಭಿಕ್ಷುಕರಿಗೆ ಅನ್ನ ದೊರೆಯುತ್ತಿದ್ದಿತು. ರೋಗಿಗಳಿಗೆ ಔಷಧ ದೊರೆಯುತ್ತಿದ್ದಿತು. ದಾಸೋಹದ ಬೇರನ್ನು ಹುಡುಕುವವರು ಸಮುದ್ರ ದಾಟುವ ಮೊದಲು ಬಳ್ಳಿಗಾವೆಗೆ ಹೋಗಿಬರಬೇಕು.

ಅಲ್ಲಮನೆಂಬ ಹೆಸರಿನಲ್ಲಿ ಅಲ್ಲಾ ಎಂಬ ಧ್ವನಿ ಕೇಳಿಸಿತೆಂದು ಅದನ್ನೇ ಪ್ರಮಾಣವಾಗಿ ಹಿಡಿಯುವವರೂ ಇದ್ದಾರೆ. ಬರಿಯ ಧ್ವನಿಸಾಮ್ಯದ ಮೇಲೆ ಕಟ್ಟಿದ ಇಂತಹ ವ್ಯುತ್ಪತ್ತಿಯನ್ನು ನಗುತ್ತಾ ಬಿಟ್ಟುಬಿಡಬಹುದಾಗಿತ್ತು. ಆದರೆ ಬೀದರಿನ ಸಮೀಪದ ಅಷ್ಟೂರಿನಲ್ಲಿ ಈ ಎರಡು ಹೆಸರುಗಳು ನಿಜವಾಗಿಯೂ ಒಂದೆಡೆ ಕೂಡಿವೆ. ಅಲ್ಲಿ ಬಹಮನಿ ಸುಲ್ತಾನ ಅಹಮದ್ ಷಾನ ಗೋರಿಯಿದೆ. 1422ರಿಂದ 1436ರವರೆಗೆ ಆಳಿದ ಈತ ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಿಗೆ ಒಯ್ದವನು. ‘ವಲಿ’ ಅಂದರೆ ಸಂತನೆಂಬ ಬಿರುದನ್ನು ಪಡೆದವನು. ಗೋರಿಯ ಒಳಮೈಯಲ್ಲಿ ಬಣ್ಣ ಬಂಗಾರಗಳ ಚಿತ್ತಾರವೂ, ಇರಾನಿನ ಸೂಫಿ ಷಾ ನಿಯಾಮತುಲ್ಲಾನ ಪದ್ಯಗಳೂ ಇವೆ. ಇಲ್ಲಿ ವರ್ಷಕ್ಕೊಮ್ಮೆ, ಹೋಳಿಯ ನಂತರ, ಉರುಸು ನಡೆಯುತ್ತದೆ. ಅದನ್ನು ನಡೆಸಿಕೊಡಲು ಬರುವವರು ಆಳಂದ ತಾಲ್ಲೂಕಿನ ಮಾಡಿಯಾಳದ ಜಂಗಮರು! ಭಕ್ತರ ಸಮೂಹದೊಡನೆ ಅವರು ಬಂದು ಹೂವೇರಿಸಿ ಕಾಯಿ ಒಡೆಯುತ್ತಾರೆ. ನಮ್ಮ ಜನ ಆ ಸುಲ್ತಾನನನ್ನು ಕರೆಯುವುದು ಅಲ್ಲಮಪ್ರಭುವೆಂದು.

ಇದೇ ಸುಲ್ತಾನ ವಿಜಯನಗರದ ಮೇಲೆ ನಡೆಸಿದ ದಂಡಯಾತ್ರೆಯ ಕ್ರೌರ್ಯವನ್ನು ಇತಿಹಾಸಕಾರ ಫೆರಿಷ್ಟಾನೇ ಬರೆದಿಟ್ಟಿದ್ದಾನೆ. ಅದನ್ನು ಮರೆಯಬೇಕೆಂದು ನಾನು ಹೇಳುವುದಿಲ್ಲ. ಆದರೆ ಗೋರಿಯ ಮುಂದೆ ಕಾಯಿ ಒಡೆಯುವ ಒಕ್ಕಲಿಗನಿಗೆ ಬೇಕಾದವನು ದಂಡನಾಯಕನಲ್ಲ, ವಲಿ. ಅವನ ಪಾಲಿಗೆ ಸಂತನಾದವನಿಗೆ ಕೊಡಬಹುದಾದ ಹಿರಿಯ ಹೆಸರು ಒಂದೇ. ಆದುದರಿಂದ ಇಲ್ಲಿ ಕೊಡುಕೊಳೆಯ ದಾರಿ ವಿದ್ವಾಂಸರು ಊಹಿಸಿದುದಕ್ಕೆ ವಿರುದ್ಧವಾಗಿದೆ. ಅಲ್ಲಾನಿಂದ ಅಲ್ಲಮ ಹುಟ್ಟಲಿಲ್ಲ. ಕಲ್ಯಾಣದ ಅಲ್ಲಮನ ಹೆಸರನ್ನು ಕನ್ನಡ ಜನ ಸುಲ್ತಾನನೊಬ್ಬನ ಗೋರಿಗೆ ಹೊದಿಸಿದರು.

ಇದಕ್ಕೆ ಸಮಕಾಲೀನವಾದ ಮತ್ತೊಂದು ಸಂಗತಿಯನ್ನು ವಚನಾಭ್ಯಾಸಿಗಳು ಅಷ್ಟಾಗಿ ಗಮನಿಸಿದಂತಿಲ್ಲ. ಪ್ರೌಢದೇವರಾಯನ ಕಾಲ ನಮಗೆ ಪುಣ್ಯಕಾಲ. ಲಕ್ಕಣ್ಣ ದಂಡೇಶ, ಜಕ್ಕಣಾರ್ಯ ಮೊದಲಾದವರ ಆಶ್ರಯದಲ್ಲಿ, ನೂರೊಂದು ವಿರಕ್ತರ ಶ್ರಮದಿಂದ ವಚನಗಳ ಸಂಕಲನ ವ್ಯಾಖ್ಯಾನಗಳು ನಡೆದ ಕಾಲವದು. ಅದೇ ಅರಸನ ಸೇವೆಯಲ್ಲಿದ್ದ ಅಹಮದಖಾನನೆಂಬವನು 1439ರಲ್ಲಿ ರಾಜಧಾನಿಯಲ್ಲಿ ಮಸೀದಿಯೊಂದನ್ನು ಕಟ್ಟಿಸಿ ಅದನ್ನು ಅರಸನ ಪುಣ್ಯಕ್ಕೆ ಅರ್ಪಿಸಿದ. ಅದರ ಶಾಸನ ಕನ್ನಡದಲ್ಲಿದೆ. ಆ ಕಟ್ಟಡವನ್ನು ಅದು ಕರೆಯುವುದು ‘ಧರ್ಮಸಾಲೆ’ಯೆಂದು. ದೇವರಾಯ ಮುಸಲ್ಮಾನ ಸೈನಿಕರನ್ನು ಸೇನೆಗೆ ಸೇರಿಸಿಕೊಂಡು, ಅವರ ವಂದನೆಗೆ ಅನುಕೂಲವಾಗಲೆಂದು ಸಿಂಹಾಸನದ ಮುಂದೆ ಕುರಾನನ್ನು ಇರಿಸಿಸಿದನೆಂದು ಫೆರಿಷ್ಟಾ ಹೇಳುತ್ತಾನೆ. ಒಂದೇ ಊರಿನಲ್ಲಿ ಒಂದು ಕಡೆ ವಿರಕ್ತರು ಓಲೆಗರಿಯ ಮೇಲೆ ಬಸವಾದಿ ಪ್ರಮಥರ ಮಾತನ್ನು ಕೊರೆಯುತ್ತಿದ್ದಾಗ ಮತ್ತೊಂದು ಕಡೆ ಕನ್ನಡ ಶಾಸನ ಹೊತ್ತ ಮಸೀದಿಯೇಳುತ್ತಿದ್ದಿತು.

ಹೀಗೆ ನೋಡಿದರೆ ಇಸ್ಲಾಮಿನ ಪ್ರಭಾವವನ್ನು ಹುಡುಕಬೇಕಾದ ಸ್ಥಳ ಕಲ್ಯಾಣವಲ್ಲ, ಅದರ ನಂತರದ ಐದಾರು ಶತಮಾನಗಳು. ಅಲ್ಲಿ ಅದು ಧಾರಾಳವಾಗಿ ಸಿಗುತ್ತದೆ. ನಮ್ಮ ಮಠಗಳನ್ನೇ ತೆಗೆದುಕೊಳ್ಳಿ. ಮಠಕ್ಕಿರುವ ಭೂಮಿ ‘ಇನಾಮು’, ಅದರ ಪತ್ರ ‘ಸನದು’, ಬಾಗಿಲ ಮೇಲಿನದು ‘ಕಮಾನು’, ಜಾತ್ರೆಯಲ್ಲಿ ಬಾರಿಸುವುದು ‘ನಗಾರಿ’. ಬರೆಯುವ ‘ಕಾಗದ’, ಉಳುವ ‘ರೈತ’ ಕೂಡ ಅರಬ್ಬಿ ಪಾರಸಿಗಳಿಂದ ಬಂದ ಮಾತುಗಳೇ. ಮಡಿಕೇರಿಯಲ್ಲಿರುವ ಹಾಲೇರಿ ಅರಸರ ಗದ್ದುಗೆಗಳಿಗೆ ಗುಮ್ಮಟಗಳಿವೆ, ಮೂಲೆಗಳಲ್ಲಿ ಮಿನಾರುಗಳಿವೆ, ಜೊತೆಗೆ ನಂದಿಯೂ ಇದೆ. ಅವರು ವೀರಶೈವ ದೊರೆಗಳು. ಟಿಪ್ಪೂ ಸುಲ್ತಾನನೊಡನೆ ಅವರಿಗಿದ್ದ ಹಗೆ ಸಾಮಾನ್ಯವಾದುದಲ್ಲ. ಹಗೆ ರಾಜ್ಯದ್ದು, ಗಾರೆಯವನ ಕೈಗೆ ಅದು ತಿಳಿಯದು.

ಭಕ್ತಿಯ ಕ್ಷೇತ್ರದಲ್ಲಿಯೂ ಹಾಗೆಯೇ. ತಿಂಥಣಿಯ ಮೌನೇಶ್ವರರ ಜಾತ್ರೆಯ ಜಯಘೋಷದಲ್ಲಿ ಪೀರರ ಹೆಸರು ಬರುತ್ತದೆ. ಮೌನೇಶ್ವರರೇ ಅಲ್ಲಿ ಮೌನುದ್ದೀನರಾಗುತ್ತಾರೆ. ಕೊಡೇಕಲ್ಲ ಬಸವಣ್ಣನವರ ಪರಂಪರೆಯ ಕಾಲಜ್ಞಾನ ಸಾಹಿತ್ಯದಲ್ಲಿ ಎರಡು ಧರ್ಮಗಳ ಪರಿಭಾಷೆ ಬೆರೆತುಕೊಂಡಿದೆ. ಮುಸಲ್ಮಾನರ ಮನೆಯೊಂದೂ ಇಲ್ಲದ ಊರುಗಳಲ್ಲಿ ಕೂಡ ಮೊಹರಮ್ಮಿಗೆ ಪೀರಲ ದೇವರನ್ನು ಕೂರಿಸಿ, ಕರ್ಬಲಾದ ಕಥೆಯನ್ನು ಅಚ್ಚಕನ್ನಡದ ರಿವಾಯತ ಪದಗಳಲ್ಲಿ ಹಾಡುತ್ತಾರೆ. ಈ ಹೊಳೆಯ ಸಂಗಮಸ್ಥಾನ ಶಿಶುನಾಳ ಷರೀಫರು. 1819ರಲ್ಲಿ ಹುಟ್ಟಿ 1889ರಲ್ಲಿ ಗತಿಸಿದ ಅವರು ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದರು. ರಿವಾಯತಗಳನ್ನೂ ಬರೆದರು, ತತ್ತ್ವಪದಗಳನ್ನೂ ಹಾಡಿದರು. ಅವರ ಪದಗಳಲ್ಲಿ ಶರಣರ ಬೆಡಗಿನ ಮಾತು ಎಷ್ಟು ಸಹಜವಾಗಿ ನುಡಿಯುತ್ತದೆಯೆಂದರೆ, ವಚನಗಳಿಗೆ ಇಸ್ಲಾಮಿನ ಪ್ರಭಾವವನ್ನು ಆರೋಪಿಸುವುದಕ್ಕಿಂತ ಕನ್ನಡ ಮುಸಲ್ಮಾನ ಕವಿಯ ಮೇಲೆ ವಚನಗಳ ಪ್ರಭಾವವನ್ನು ಅಭ್ಯಸಿಸುವುದು ಹೆಚ್ಚು ಫಲಕಾರಿಯೆನಿಸುತ್ತದೆ.

ಈ ವಿವೇಚನೆಯಿಂದ ಸಾಹಿತ್ಯ ವಿದ್ಯಾರ್ಥಿಗಳಿಗೆ ಒದಗುವ ಒಂದು ಉಪಯೋಗವನ್ನು ಸೂಚಿಸಬೇಕು. ವಚನಗಳು ಇಂದಿನ ರೂಪದಲ್ಲಿ ನಮಗೆ ಬಂದಿರುವುದು ಬಹುಮಟ್ಟಿಗೆ ಹದಿನೈದನೆಯ ಶತಮಾನದ ಸಂಕಲನಕಾರರಿಂದ ಮತ್ತು ಅವರ ನಂತರದ ಪ್ರತಿಕಾರರಿಂದ. ಆದುದರಿಂದ ಬಸವಯುಗದ ಶರಣರ ಅಂಕಿತವಿರುವ ವಚನವೊಂದರಲ್ಲಿ ಪಾರಸಿ ಮೂಲದ ಆಡಳಿತ ಪದವಾಗಲಿ ತುರುಕರ ಪ್ರಸ್ತಾಪವಾಗಲಿ ಕಂಡರೆ, ಅದನ್ನು ಕಲ್ಯಾಣದಲ್ಲಿ ಇಸ್ಲಾಂ ಇದ್ದುದಕ್ಕೆ ಸಾಕ್ಷಿಯೆಂದು ಹಿಡಿಯುವ ಮೊದಲು ಆ ವಚನ ಯಾವ ಓಲೆಪ್ರತಿಯಲ್ಲಿದೆ, ಯಾವ ಸಂಕಲನದಲ್ಲಿ ಮೊದಲು ಕಾಣಿಸಿಕೊಂಡಿತು, ಪಾಠಾಂತರವೇನು ಎಂಬುದನ್ನು ನೋಡಬೇಕು. ಬಹಮನಿಗಳ ಕಾಲದ ಪ್ರತಿಕಾರ ತನ್ನ ಬೀದಿಯಲ್ಲಿ ಕೇಳಿದ ಮಾತನ್ನು ತಿಳಿಯದೆಯೇ ಬರೆದಿರಲು ಸಾಕು.