ಮಂಗಳೂರಿನ ಆ ಎರಡು ವರ್ಷಗಳು

ಸಂತರ ಚರಿತ್ರೆಗಳನ್ನು ನಾವು ಓದುವ ರೀತಿಯಲ್ಲಿ ಒಂದು ದೋಷವಿದೆ. ಕೊನೆಯ ಪುಟ ಮೊದಲೇ ತಿಳಿದಿರುವುದರಿಂದ ನಡುವಿನ ಪುಟಗಳ ಸಂಕಟ ನಮ್ಮನ್ನು ತಟ್ಟುವುದಿಲ್ಲ. ಪೀಠದ ಮೇಲೆ ಪ್ರಭಾವಳಿಯೊಡನೆ ನಿಂತವರು ಒಮ್ಮೆ ತಮ್ಮ ಮಠದಲ್ಲಿಯೇ ಸಂಶಯಕ್ಕೆ ಗುರಿಯಾಗಿದ್ದರು ಎಂಬ ಮಾತನ್ನು ನಾವು ಬೇಗ ಬೇಗನೆ ದಾಟಿಬಿಡುತ್ತೇವೆ. ಪ್ರಿಯ ವಾಚಕರೇ, ಹಾಗೆ ದಾಟಿಹೋಗುವ ಒಂದು ಪುಟದಲ್ಲಿ ತುಸು ನಿಲ್ಲೋಣ ಬನ್ನಿ. ಅದು ತೀರ ದೂರದ ಕಥೆಯಲ್ಲ. ತುಮಕೂರಿನ ಶಿರಾ ಗೇಟ್‌ನಿಂದ ಒಂದು ರಾತ್ರಿಯ ಪ್ರಯಾಣದಷ್ಟು ದೂರದ ಮಂಗಳೂರಿನಲ್ಲಿ ನಡೆದದ್ದು.

ಮರಿಯಂ ಬವಾರ್ಡಿ 1846ರ ಜನವರಿ 5ರಂದು ಗಲಿಲೇಯದ ಇಬಿಲ್ಲಿನ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಆಕೆಗಿಂತ ಮುಂಚೆ ಹುಟ್ಟಿದ ಹನ್ನೆರಡು ಗಂಡುಮಕ್ಕಳನ್ನು ತಂದೆತಾಯಿ ಕಳೆದುಕೊಂಡಿದ್ದರು. ಆಕೆಗೆ ಬುದ್ಧಿ ತಿಳಿಯುವ ಮೊದಲೇ ಅವರೂ ತೀರಿಕೊಂಡರು. ಚಿಕ್ಕಪ್ಪನ ಆಶ್ರಯದಲ್ಲಿ ಬೆಳೆದ ಈ ಹುಡುಗಿ ಮದುವೆಯನ್ನು ನಿರಾಕರಿಸಿ, ಅಲೆಕ್ಸಾಂಡ್ರಿಯ, ಜೆರುಸಲೇಮ್, ಬೈರೂತ್ ಮತ್ತು ಮಾರ್ಸೇಲ್‌ಗಳಲ್ಲಿ ಮನೆಗೆಲಸ ಮಾಡಿ ಹೊಟ್ಟೆ ಹೊರೆದರು. 1867ರಲ್ಲಿ ಫ್ರಾನ್ಸಿನ ಪೋ ನಗರದ ಕಾರ್ಮೆಲ್ ಮಠ ಆಕೆಯನ್ನು ಸ್ವೀಕರಿಸಿತು. ಓದುಬರಹ ಹೆಚ್ಚು ಬಾರದ ಆಕೆ ಅಡಿಗೆ, ಬಟ್ಟೆ ಒಗೆತಗಳ ದುಡಿಮೆಯನ್ನೇ ಆರಿಸಿಕೊಂಡರು. ಇತ್ತ ಆಕೆಯ ಭಾವಪರವಶತೆ, ದರ್ಶನಗಳು, ಕೈಕಾಲುಗಳಲ್ಲಿ ಕಾಣಿಸಿದ ಪಂಚಗಾಯದ ಗುರುತುಗಳು ಮಠದೊಳಗೆ ಮಾತಾಗತೊಡಗಿದವು.

1870ರಲ್ಲಿ ಮಂಗಳೂರಿನಲ್ಲಿ ಏಕಾಂತವಾಸದ ಕಾರ್ಮೆಲ್ ಮಠವೊಂದನ್ನು ಕಟ್ಟಲು ಪೋದಿಂದ ಹೊರಟ ತಂಡದಲ್ಲಿ ಮರಿಯಂ ಇದ್ದರು. ಗುರಿ ಮುಟ್ಟುವ ಮೊದಲೇ ಮೂವರು ಭಗಿನಿಯರು ತೀರಿಕೊಂಡರು. ಅವರ ಸ್ಥಾನಕ್ಕೆ ಬೇರೆಯವರು ಬಂದ ಮೇಲೆ, ಆ ವರ್ಷದ ಕೊನೆಯಲ್ಲಿ ಮಠದ ಜೀವನ ಆರಂಭವಾಯಿತು. ಆ ಮನೆಯನ್ನು ಕಲ್ಪಿಸಿಕೊಳ್ಳಿರಿ. ಹೊಸ ನಾಡು, ಅರಿಯದ ಭಾಷೆ, ಒಗ್ಗದ ಹವೆ, ಮೂರು ಸಾವುಗಳ ಶೋಕ. ಆ ನಡುವೆ, ಒಲೆಯ ಮುಂದೆ ಕೆಲಸ ಮಾಡುತ್ತಲೇ ಮೈಮರೆಯುವ, ಒಮ್ಮೆ ಬೆಳಗುವ ಮುಖದವಳಾಗಿ, ಇನ್ನೊಮ್ಮೆ ದುಷ್ಟಶಕ್ತಿ ಹಿಡಿದಂತೆ ನರಳುವ ಒಬ್ಬ ತರುಣಿ. 1871ರ ನವೆಂಬರ್ 21ರಂದು ಆಕೆ ವ್ರತಸ್ವೀಕಾರ ಮಾಡಿದರು. ಆದರೆ ಸಂಶಯ ಅಳಿಯಲಿಲ್ಲ, ಬೆಳೆಯಿತು. ಇದು ದೇವರ ಕೃಪೆಯೋ, ಭ್ರಮೆಯೋ, ಸೈತಾನನ ಆಟವೋ? ಮಂಗಳೂರಿನ ಧರ್ಮಾಧ್ಯಕ್ಷರಾಗಿದ್ದ ಮರಿ ಎಫ್ರೆಮ್ ಅವರೂ ಸ್ವತಃ ಕಾರ್ಮೆಲ್ ಸಭೆಯವರು. ಅವರ ವಿಶ್ವಾಸವೂ ಆಕೆಯಿಂದ ದೂರವಾಯಿತು. 1872ರಲ್ಲಿ ಮರಿಯಂ ಅವರನ್ನು ಪೋಗೆ ಹಿಂದಕ್ಕೆ ಕಳುಹಿಸಲಾಯಿತು.

ಇಲ್ಲಿ ಚರಿತ್ರಕಾರರು ಎರಡು ಸುಲಭದ ದಾರಿಗಳನ್ನು ಹಿಡಿಯಬಲ್ಲರು. ಮೊದಲನೆಯದು, ಧರ್ಮಾಧ್ಯಕ್ಷರನ್ನೂ ಮಠದ ಹಿರಿಯರನ್ನೂ ಕಲ್ಲೆದೆಯವರನ್ನಾಗಿಸುವುದು. ಎರಡನೆಯದು, ‘ತಪ್ಪು ತಿಳುವಳಿಕೆ’ ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಚ್ಚಿ ಬೆತ್ಲೆಹೇಮಿಗೆ ನಡೆದುಬಿಡುವುದು. ಎರಡೂ ನಮಗೆ ಏನನ್ನೂ ಕಲಿಸುವುದಿಲ್ಲ.

ಹಿರಿಯರು ಸಂಶಯಿಸಿದ್ದು ಅಪರಾಧವಲ್ಲ. ದರ್ಶನಗಳಿಗೆ ಜೋತುಬೀಳಬೇಡಿರೆಂದು ಕಲಿಸಿದವರು ಕಾರ್ಮೆಲ್ ಸಭೆಯ ಸಂತ ಶಿಲುಬೆಯ ಯೊವಾನ್ನರೇ. ಅದ್ಭುತ ಕಂಡಲ್ಲಿಗೆಲ್ಲ ಓಡುವ ನಮ್ಮ ಕಾಲಕ್ಕೂ ಆ ಎಚ್ಚರಿಕೆ ಬೇಕು. ಆದರೆ ಅನುಭವವನ್ನು ಸಂಶಯಿಸುವುದು ಬೇರೆ, ವ್ಯಕ್ತಿಯನ್ನೇ ಸಂಶಯಿಸುವುದು ಬೇರೆ. ಈ ಗೆರೆಯನ್ನು ದಾಟಿದಾಗ ಎಂತಹ ಕೇಡು ಬರಬಲ್ಲದೆಂಬುದಕ್ಕೆ ಜರ್ಮನಿಯ ವೂರ್ಟ್ಸ್‌ಬರ್ಗ್ ಬಳಿಯ ಉಂಟರ್‌ಟ್ಸೆಲ್ ಕನ್ಯಾಮಠ ಸಾಕ್ಷಿ. ಅಲ್ಲಿ ಕೆಲವು ಭಗಿನಿಯರಿಗೆ ಬಂದ ವಿಚಿತ್ರ ಸೆಳವುಗಳಿಗೆ ವೃದ್ಧೆಯಾದ ಉಪಮಠಾಧ್ಯಕ್ಷೆ ಮರಿಯಾ ರೆನಾಟಾ ಅವರೇ ಕಾರಣವೆಂದು ಆರೋಪಿಸಲಾಯಿತು. ಮಾಟಗಾತಿಯೆಂಬ ತೀರ್ಪಿನೊಡನೆ 1749ರಲ್ಲಿ ಅವರ ಶಿರಚ್ಛೇದವಾಯಿತು, ದೇಹವನ್ನು ಸುಡಲಾಯಿತು. ಮಂಗಳೂರು ಅಂತಹ ಕ್ರೌರ್ಯಕ್ಕೆ ಇಳಿಯಲಿಲ್ಲ. ಆದರೂ ಎರಡು ಮಠಗಳಿಗೂ ಒಂದೇ ಬಗೆಯ ಭಯವಿತ್ತು: ಅರ್ಥವಾಗದ್ದಕ್ಕೆ ಕೂಡಲೇ ಒಂದು ಹೆಸರಿಡಬೇಕೆಂಬ ಭಯ.

ಇದಕ್ಕೆ ಬೇರೊಂದು ಉತ್ತರವೂ ಕಾರ್ಮೆಲ್ ಪರಂಪರೆಯಲ್ಲಿಯೇ ಇತ್ತು. ಮರಿಯಂ ವ್ರತ ಸ್ವೀಕರಿಸುವುದಕ್ಕೆ ಸರಿಯಾಗಿ ಮುನ್ನೂರು ವರ್ಷಗಳ ಹಿಂದೆ, 1571ರಲ್ಲಿ, ಅವಿಲಾದ ಸಂತ ತೆರೇಸರನ್ನು ಮೇಲಿನವರು ಮನುಷ್ಯಾವತಾರ ಮಠದ ಅಧ್ಯಕ್ಷೆಯನ್ನಾಗಿ ನೇಮಿಸಿದಾಗ ಅಲ್ಲಿನ ಅನೇಕ ಭಗಿನಿಯರು ಪ್ರತಿಭಟಿಸಿದರು. ತೆರೇಸರು ಅಧ್ಯಕ್ಷೆಯ ಆಸನದ ಮೇಲೆ ಮಾತೆ ಮರಿಯಮ್ಮನವರ ಪ್ರತಿಮೆಯನ್ನಿರಿಸಿ, ತಾವು ಅದರ ಪಾದದ ಬಳಿ ಕುಳಿತರು. ತೀರ್ಪು ಕೊಡುವ ಪೀಠವನ್ನು ತಮ್ಮದೆಂದು ಭಾವಿಸದ ಆ ವಿನಯವೇ ಮನೆಯನ್ನು ಶಾಂತಗೊಳಿಸಿತು.

ಮರಿಯಂ ಅವರ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ಮರೆಯಬಾರದು. ಆಕೆಯ ನುಡಿಗಳೆಂದು ನಾವು ಓದುವುದೆಲ್ಲ ಹೆಚ್ಚಾಗಿ ಇತರ ಭಗಿನಿಯರು ಬರೆದಿಟ್ಟದ್ದು. ಬರೆಯಲಾಗದವಳ ಪರವಾಗಿ ಬರೆದವರ ಕೈ ಎಷ್ಟು, ಆಕೆಯ ದನಿ ಎಷ್ಟು ಎಂದು ಕೇಳುವುದು ಅವಿಶ್ವಾಸವಲ್ಲ. ಆದರೆ ಆಕೆಯ ಬಾಳನ್ನು ಯಾರೂ ಆಕೆಗಾಗಿ ಬರೆದುಕೊಡಲಿಲ್ಲ. ಪೋಗೆ ಮರಳಿದವರು ಮತ್ತೆ ಅದೇ ಸಾಮಾನ್ಯ ಕೆಲಸಗಳಿಗೆ ಕೈ ಹಾಕಿದರು. 1875ರಲ್ಲಿ ಬೆತ್ಲೆಹೇಮಿಗೆ ಹೋಗಿ ಅಲ್ಲಿನ ಕಾರ್ಮೆಲ್ ಮಠದ ನಿರ್ಮಾಣಕ್ಕೆ ದುಡಿದರು. ಬಿದ್ದು ಮುರಿದ ಕೈ ಕೊಳೆತು, 1878ರ ಆಗಸ್ಟ್ 26ರಂದು, ಮೂವತ್ತೆರಡರ ವಯಸ್ಸಿನಲ್ಲಿ ಮೃತರಾದರು. ಜಗದ್ಗುರು ದ್ವಿತೀಯ ಜಾನ್ ಪೌಲರು 1983ರಲ್ಲಿ ಆಕೆಯನ್ನು ಧನ್ಯರ ಸಾಲಿಗೆ ಸೇರಿಸಿದರು. ಜಗದ್ಗುರು ಫ್ರಾನ್ಸಿಸರು 2015ರ ಮೇ 17ರಂದು ಸಂತ ಪದವಿಗೇರಿಸಿದರು.

1872ರಿಂದ 2015ಕ್ಕೆ 143 ವರ್ಷಗಳು. ಧರ್ಮಸಭೆ ಅಷ್ಟು ಕಾಲ ತೆಗೆದುಕೊಂಡು ತೂಗಿದ್ದನ್ನು, ಒಂದು ಮನೆ ಎರಡೇ ವರ್ಷಗಳಲ್ಲಿ ತೂಗಿ ಮುಗಿಸಿತ್ತು. ಆ ಮನೆಯಲ್ಲಿದ್ದವರು ಕೆಟ್ಟವರಲ್ಲ. ದೇವರಿಗಾಗಿ ಕಡಲು ದಾಟಿ ಬಂದವರು. ಈ ಪುಟ ನಮ್ಮನ್ನು ಕಲಕಬೇಕಾದದ್ದು ಅದಕ್ಕಾಗಿಯೇ. ಒಳ್ಳೆಯವರೂ ಒಳ್ಳೆಯ ಉದ್ದೇಶದಿಂದಲೇ ಒಬ್ಬರನ್ನು ಹೊರಗೆ ಕಳುಹಿಸಬಲ್ಲರು.

ನಮ್ಮ ಕುಟುಂಬಗಳಲ್ಲಿ, ಧರ್ಮಕೇಂದ್ರಗಳಲ್ಲಿ, ಎಲ್ಲರಂತಿಲ್ಲದ ಮಗಳೊಬ್ಬಳು, ಪ್ರಾರ್ಥನೆಯಲ್ಲಿ ಕಣ್ಣೀರಿಡುವ ಅಜ್ಜಿಯೊಬ್ಬರು, ಮಾತು ಬಾರದೆ ಒಳಗೇ ಬೇಯುವ ಕೆಲಸದಾಕೆಯೊಬ್ಬಳು ಇರಬಹುದು. ಅವರೆಲ್ಲ ಸಂತರೆಂದು ಹೇಳುತ್ತಿಲ್ಲ. ವೈದ್ಯರ ನೆರವು ಬೇಕಾದವರೂ ಇರಬಹುದು. ಯಾರಾದರೇನು, ಹೆಸರಿಡುವ ಮುನ್ನ ಅವರ ಪಕ್ಕದಲ್ಲಿ ಸ್ವಲ್ಪ ಕಾಲ ಕುಳಿತುಕೊಳ್ಳುವುದು ನಮ್ಮಿಂದಾಗುವ ಕೆಲಸ.