ಛಾಯಾಚಿತ್ರದಲ್ಲಿ ಅನುಕರಣ

ನೆರೆಮನೆಯ ವಿದ್ಯಾರ್ಥಿಯೊಬ್ಬನು ಭೂದೃಶ್ಯಗಳ ಛಾಯಾಚಿತ್ರಗಳನ್ನು ತೆಗೆದು, ಆ ಕಟ್ಟನ್ನು ಕಳೆದ ತಿಂಗಳು ನನ್ನಲ್ಲಿಗೆ ತಂದಿದ್ದನು. ಯಾವ ಕಲಾವಿದರ ಪ್ರಭಾವದಿಂದ ಇವು ಹುಟ್ಟಿದುವೆಂಬುದನ್ನು ಬರೆದೊಪ್ಪಿಸಬೇಕೆಂದು ಅವನ ಅಧ್ಯಾಪಕರ ಆಜ್ಞೆಯಂತೆ. ಅವನು ಅಮೆರಿಕದ ಆನ್ಸೆಲ್ ಆಡಮ್ಸರನ್ನು ಆರಿಸಿಕೊಂಡು, ನಮ್ಮ ಬೋಳುಗುಡ್ಡಗಳ ಮೇಲೆಲ್ಲ ಕಗ್ಗಪ್ಪು ಆಕಾಶವನ್ನು ಕವಿಸಿದ್ದನು. ಚಿತ್ರಗಳು ನೋಟಕ್ಕೆ ಸೊಗಸಾಗಿಯೇ ಇದ್ದುವು. ಮನಸ್ಸು ಮಾತ್ರ ಒಪ್ಪಲಿಲ್ಲ.

ಆ ಕಪ್ಪಿನ ಮೂಲವನ್ನು ವಿಚಾರಿಸೋಣ. ೧೯೨೭ರ ಏಪ್ರಿಲಿನಲ್ಲಿ ಆಡಮ್ಸರು ಯೋಸೆಮಿಟಿಯ ಹಾಫ್ ಡೋಮ್ ಎಂಬ ಮಹಾಶಿಲೆಯೆದುರು ನಿಂತಾಗ ಅವರಲ್ಲಿ ಉಳಿದಿದ್ದುದು ಎರಡೇ ಗಾಜಿನ ಫಲಕಗಳು. ಒಂದನ್ನು ಹಳದಿ ಶೋಧಕದೊಡನೆ ಬಳಸಿದರು. ಬಳಸಿದೊಡನೆಯೇ, ಆ ಶಿಲೆಯು ತಮ್ಮೆದೆಗೆ ತಟ್ಟಿದ ಪರಿಯಲ್ಲಿ ಚಿತ್ರದಲ್ಲಿ ಮೂಡಲಾರದೆಂದು ಅವರಿಗೆ ತೋರಿತು. ಉಳಿದ ಫಲಕಕ್ಕೆ ಕಡುಗೆಂಪು ಶೋಧಕವನ್ನಿಟ್ಟರು. ಕೆಂಪು ಗಾಜು ನೀಲಿಯ ಬೆಳಕನ್ನು ತಡೆಯುವುದರಿಂದ ಆಕಾಶವು ಕಪ್ಪಾಗಿ, ಶಿಲೆಯು ಎದ್ದುನಿಂತಿತು. ಕಪ್ಪು ಇಲ್ಲಿ ಫಲ. ಅದಕ್ಕೆ ಮುಂಚಿನ ಅತೃಪ್ತಿಯೇ ಬೀಜ. ನಮ್ಮ ಹುಡುಗನು ಹಣ್ಣನ್ನಷ್ಟೇ ಕಿತ್ತುಕೊಂಡಿರುವನು. ಇಂದಿನ ಯಂತ್ರಗಳಲ್ಲಿ ಗಾಜೂ ಬೇಕಿಲ್ಲ, ಬೆರಳಾಡಿಸಿದರೆ ಸಾಕು.

ಆನಂದವರ್ಧನಾಚಾರ್ಯರು ಧ್ವನ್ಯಾಲೋಕದ ನಾಲ್ಕನೆಯ ಉದ್ದ್ಯೋತದಲ್ಲಿ ಕವಿಗಳೊಳಗಣ ಹೋಲಿಕೆಯನ್ನು ಮೂರು ಬಗೆಯಾಗಿ ವಿಂಗಡಿಸಿರುವರು: ಕನ್ನಡಿಯ ಬಿಂಬದಂತಹುದು, ಬರೆದ ಚಿತ್ರದಂತಹುದು, ಇಬ್ಬರು ಮನುಷ್ಯರ ಮೈಯ ಹೋಲಿಕೆಯಂತಹುದು. ಮೊದಲೆರಡು ತ್ಯಾಜ್ಯ. ಮೂರನೆಯದು ಗ್ರಾಹ್ಯ, ಅಲ್ಲಿ ಹೋಲಿಕೆಯಿದ್ದರೂ ಜೀವವು ಬೇರೆ. ಇದನ್ನು ಹೇಳಲು ನನಗೆಷ್ಟು ಅಧಿಕಾರವಿದೆಯೋ! ಪಾಠಶಾಲೆಯಲ್ಲಿ ಅಷ್ಟಾದಶ ವರ್ಣನೆಗಳನ್ನು ಅಭ್ಯಸಿಸುತ್ತಿದ್ದಾಗ, ಕಡಲನ್ನೇ ಕಾಣದ ನಾನು ಸಮುದ್ರವರ್ಣನೆಯ ಇಪ್ಪತ್ತು ಶ್ಲೋಕಗಳನ್ನು ಕಟ್ಟಿ ಬಹುಮಾನ ಪಡೆದವನು. ಛಂದಸ್ಸು ಶುದ್ಧವಾಗಿತ್ತು, ನೀರು ಒಂದು ಹನಿಯೂ ಇರಲಿಲ್ಲ.

ಹಾಗೆಂದು ಪ್ರಭಾವವನ್ನು ಅರಸಲೇಬಾರದೆನ್ನಲಾರೆ. ಇಂಗ್ಲೆಂಡಿನ ಪೀಟರ್ ಹೆನ್ರಿ ಎಮರ್ಸನ್ನರು ನಾರ್ಫೋಕಿನ ಜೌಗುನಾಡನ್ನು ಚಿತ್ರಿಸಿ ೧೮೮೬ರಲ್ಲಿ ಹೊರತಂದ ಗ್ರಂಥಕ್ಕೆ ವರ್ಣಚಿತ್ರಕಾರರಾದ ಗುಡಾಲರು ಜೊತೆಗಾರರು. ಜೊಂಡು, ಮಬ್ಬು, ದೋಣಿಗಳ ನಡುವೆ ಚಿತ್ರಕಾರನೊಬ್ಬನ ಕಣ್ಣು ಬೂದುಬಣ್ಣದ ತರತಮಗಳನ್ನು ಹೇಗೆ ಬೇರ್ಪಡಿಸುವುದೆಂಬುದನ್ನು ಬಳಿಯಿದ್ದು ಅರಿಯುವುದು ಬೇರೆ. ಸಿದ್ಧವಾದ ಚಿತ್ರವನ್ನು ಮುಂದಿಟ್ಟುಕೊಂಡು ತಿದ್ದುವುದು ಬೇರೆ.

ಕಟ್ಟಿನ ಅಡಿಯಲ್ಲಿ, ಒಪ್ಪಿಸಲಾಗದೆಂದು ಅವನು ತೆಗೆದಿಟ್ಟಿದ್ದ ಒಂದು ಚಿತ್ರವಿತ್ತು. ಬತ್ತಿದ ಕೆರೆ, ಬಿರುಕುಬಿಟ್ಟ ಕೆಸರಿನ ಮೇಲೆ ದನಗಳು ತುಳಿದ ಜಾಡು, ಝಳಕ್ಕೆ ಬಿಳಿಚಿಕೊಂಡ ಆಕಾಶ. ನಡುಹಗಲಲ್ಲಿ ಏಕೆ ತೆಗೆದೆಯೆಂದು ಕೇಳಿದೆನು. ಬೆಳಗಿನ ಎಳೆಬಿಸಿಲಲ್ಲಿ ತೆಗೆದುದರಲ್ಲಿ ನೆರಳುಗಳು ಬಹಳ ಚೆನ್ನಾಗಿ ಬಿದ್ದು, ಕೆರೆ ಬತ್ತಿದುದರ ಸಂಕಟವೇ ಮರೆಯಾಗಿತ್ತಂತೆ. ಅದಕ್ಕಾಗಿ ಮಧ್ಯಾಹ್ನ ಮರಳಿ ಹೋದನಂತೆ.

ಇದನ್ನೇ ಮೊದಲಿಡು ಎಂದೆನು. ಅವನಿಗೆ ಅಂಕಗಳ ಚಿಂತೆ. ‘ಇದಕ್ಕೆ ಯಾರ ಹೆಸರು ಬರೆಯಲಿ? ಆಕಾಶ ಬಿಳಿದಾಗಿದೆ, ಎಮರ್ಸನ್ನರದೆ?’ ಎಂದನು.

ಅಲ್ಲ, ಆಡಮ್ಸರದನ್ನೇ ಬರೆಯೆಂದೆನು.